ಬೊಂಬೆಗಳ ನಾಮಕರಣ

೧

ಹೆಸರಿಡುವುದು ನಮ್ಮಲ್ಲಿ ಒಂದು ಸಂಸ್ಕಾರ. ಕೂಸು ಹುಟ್ಟಿದ ಮೇಲೆ ತಕ್ಕ ದಿನವನ್ನು ನೋಡಿ, ತೊಟ್ಟಿಲು ಕಟ್ಟಿ, ಬಂಧುಗಳನ್ನು ಕರೆದು, ಅದರ ಕಿವಿಯಲ್ಲಿ ಹೆಸರನ್ನು ಉಸುರುವವರೆಗೆ ಅದು ಮನೆಯ ಮಗುವೇ ಆದರೂ ಲೋಕವ್ಯವಹಾರಕ್ಕೆ ಇನ್ನೂ ಸಂದದ್ದಲ್ಲ. ರೂಪವು ಮೊದಲು ಬರುವುದು, ನಾಮವು ಆಮೇಲೆ ಬರುವುದು. ಆದರೂ ನಾವು 'ನಾಮರೂಪ'ವೆಂದು ನಾಮವನ್ನೇ ಮುಂದಿಟ್ಟು ಹೇಳುತ್ತೇವೆ. ಕವಿಸೃಷ್ಟಿಯಲ್ಲಿಯಂತೂ ನಾಮದ್ದೇ ಮೇಲುಗೈ. ನಾಟಕಕಾರನು ಪಾತ್ರದ ಹೆಸರನ್ನು ಬರೆದಲ್ಲದೆ ಅದರ ಮಾತನ್ನು ಬರೆಯಲಾರನು. ಕಾದಂಬರಿಕಾರನಿಗೆ ಹೆಸರು ದೊರೆಯುವವರೆಗೆ ಮನುಷ್ಯನೇ ದೊರೆತಂತಾಗುವುದಿಲ್ಲ.

ಆದರೆ ಪಾತ್ರಗಳು ಹೆಸರಿಲ್ಲದೆಯೇ ಹುಟ್ಟಿ, ಹೆಸರಿಲ್ಲದೆಯೇ ಲಕ್ಷಾಂತರ ಜನರಿಗೆ ಪರಿಚಿತವಾಗಿ, ಅನೇಕ ವರ್ಷಗಳು ಕಳೆದ ಮೇಲೆ ಯಾರೋ ಇಟ್ಟ ಹೆಸರನ್ನು ಹೊತ್ತುಕೊಂಡ ಕಲೆಯೊಂದು ಇಪ್ಪತ್ತನೆಯ ಶತಮಾನದಲ್ಲಿ ತಲೆಯೆತ್ತಿತು. ಥೀಮ್ ಪಾರ್ಕ್ ಎಂದು ಈಗ ಎಲ್ಲರ ಬಾಯಲ್ಲಿಯೂ ಇರುವ ವಿನೋದೋದ್ಯಾನಗಳಲ್ಲಿಯ ಸವಾರಿಗಳೇ ಆ ಕಲೆ. ಜಾತ್ರೆಯ ತಿರುಗುವ ತೊಟ್ಟಿಲಿಗಾಗಲಿ ಕೀಲುಕುದುರೆಗಾಗಲಿ ಕಥೆಯು ಬೇಕಾಗಿಲ್ಲ. ಮೇಲೆ ಹೋಗಿ ಕೆಳಗೆ ಬಂದರೆ ಕೊಟ್ಟ ಕಾಸಿಗೆ ಸಲ್ಲುವ ಸುಖವು ಸಂದಂತಾಯಿತು. ಇಲ್ಲಿ ಹಾಗಲ್ಲ. ಪ್ರೇಕ್ಷಕನು ಒಂದು ದೋಣಿಯಲ್ಲಿಯೋ ಬಂಡಿಯಲ್ಲಿಯೋ ಕುಳಿತು ಕಥೆಯೊಂದರ ನಡುವೆ ಹಾದು ಹೋಗುವನು. ಇಕ್ಕೆಲಗಳಲ್ಲಿಯೂ ಯಂತ್ರಬಲದಿಂದ ಚಲಿಸುವ ಬೊಂಬೆಗಳು ಹಾಡುತ್ತ, ಕಾದಾಡುತ್ತ, ನಗುತ್ತ ಅವನನ್ನು ಬರಮಾಡಿಕೊಳ್ಳುವುವು. ಒಂದೊಂದು ಬೊಂಬೆಯೂ ಅವನ ಕಣ್ಣ ಮುಂದೆ ನಿಲ್ಲುವುದು ಕೆಲವೇ ಕ್ಷಣಗಳು.

ಇಂಥ ಬೊಂಬೆಗೆ ಹೆಸರೇತಕ್ಕೆ? ಇಟ್ಟವರಾರು? ಇಡದೆ ಬಿಟ್ಟಾಗ ಆದದ್ದೇನು? ಈ ಪ್ರಶ್ನೆಗಳನ್ನು ಹಿಡಿದು ನೂರಕ್ಕೆ ಮಿಕ್ಕ ವರ್ಷಗಳ ಚರಿತ್ರೆಯನ್ನು ಸ್ಥೂಲವಾಗಿ ನೋಡುವುದೇ ಈ ಲೇಖನದ ಉದ್ದೇಶ. ವಿಷಯವು ಮಕ್ಕಳಾಟದಂತೆ ತೋರಬಹುದು. ಆದರೆ ಮನುಷ್ಯರು ಯಾವುದನ್ನು ಹೆಸರಿಟ್ಟು ಕರೆಯುತ್ತಾರೆ, ಯಾರನ್ನು ಹೆಸರಿಲ್ಲದೆ ಮರೆಯುತ್ತಾರೆ ಎಂಬ ವಿಚಾರವು ಮಕ್ಕಳಾಟವಲ್ಲ.

೨

ಕಥೆಯುಳ್ಳ ಸವಾರಿಗಳಲ್ಲಿ ಮೊದಲು ದೊಡ್ಡ ಹೆಸರು ಪಡೆದದ್ದು 'ಚಂದ್ರಯಾತ್ರೆ'. ೧೯೦೧ನೆಯ ಇಸವಿಯಲ್ಲಿ ಅಮೆರಿಕದ ಬಫಲೋ ನಗರದಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಫ್ರೆಡರಿಕ್ ಥಾಂಪ್ಸನ್ ಎಂಬಾತನು ಇದನ್ನು ಏರ್ಪಡಿಸಿದನು. ಎಲ್ಮರ್ ಡಂಡಿ ಎಂಬಾತನು ಅವನ ಪಾಲುಗಾರ. ರೆಕ್ಕೆ ಬಡಿಯುವ ಆಕಾಶನೌಕೆಯೊಂದರಲ್ಲಿ ಜನರನ್ನು ಕುಳ್ಳಿರಿಸಿ, ಗಾಳಿ ಬೀಸಿ, ಬಣ್ಣದ ಪರದೆಗಳನ್ನು ಸರಿಸಿ, ಕೆಳಗೆ ನಯಾಗರಾ ಜಲಪಾತವೂ ಬಫಲೋ ನಗರವೂ ಕುಗ್ಗುತ್ತ ಕುಗ್ಗುತ್ತ ಕೊನೆಗೆ ಭೂಗೋಳವೇ ಚೆಂಡಿನಂತೆ ಕಾಣುವ ಹಾಗೆ ಮಾಡುತ್ತಿದ್ದರು. ನೌಕೆಯು ಕದಲುತ್ತಿತ್ತೇ ಹೊರತು ಇದ್ದ ಎಡೆಯನ್ನು ಬಿಟ್ಟು ಹೋಗುತ್ತಿರಲಿಲ್ಲ. ಚಂದ್ರಲೋಕದಲ್ಲಿ ಇಳಿದವರನ್ನು ಕುಳ್ಳರಾದ ಚಂದ್ರವಾಸಿಗಳು ಎದುರುಗೊಂಡು ಅರಸನ ಆಸ್ಥಾನಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿ ಚಂದ್ರಕನ್ನಿಕೆಯರ ನರ್ತನ. ಚಂದ್ರನು ಹಸುರು ಗಿಣ್ಣಿನಿಂದ ಆದವನೆಂಬ ಅಲ್ಲಿಯ ಜನರ ಹಳೆಯ ವಿನೋದೋಕ್ತಿಗೆ ಸರಿಯಾಗಿ ಗಿಣ್ಣಿನ ಚೂರುಗಳನ್ನು ಪ್ರಸಾದದಂತೆ ಹಂಚುವುದೂ ಉಂಟು.

ಈ ಸವಾರಿಯಲ್ಲಿ ಬೊಂಬೆಗಳ ಬದಲು ವೇಷಧಾರಿಗಳಿದ್ದರು. ಅವರಿಗೆ ಜಾತಿನಾಮವಿತ್ತು, ಅಂಕಿತನಾಮವಿರಲಿಲ್ಲ. ಗ್ರೀಕರ ಚಂದ್ರದೇವತೆಯಾದ ಸೆಲೀನಿಯ ಹೆಸರಿನಿಂದ ಚಂದ್ರವಾಸಿಗಳನ್ನು 'ಸೆಲೆನೈಟ'ರೆಂದು ಕರೆದರು, ಅಷ್ಟಕ್ಕೇ ಮುಗಿಯಿತು. ಇವನು ಇಂಥ ಸೆಲೆನೈಟನು, ಇವಳು ಇಂಥ ಕನ್ನಿಕೆ ಎಂದು ಬೇರೆ ಮಾಡಿ ಹೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ನಿಜವಾದ ಅಂಕಿತನಾಮವು ದೊರೆತದ್ದು ನೌಕೆಗೆ. ಅದನ್ನು 'ಲೂನಾ' ಎಂದು ಕರೆದರು. ಲ್ಯಾಟಿನ್ ಭಾಷೆಯಲ್ಲಿ ಲೂನಾ ಎಂದರೆ ಚಂದ್ರ. ಆದಕಾರಣ ಹೆಸರು ಸಹಜವಾದದ್ದೇ. ಆದರೆ ಡಂಡಿಯ ಸೋದರಿಯ ಹೆಸರೂ ಲೂನಾ ಎಂದಿತ್ತಾಗಿ, ಆಕೆಯ ಮೇಲಣ ಪ್ರೀತಿಯೇ ಈ ಹೆಸರಿಗೆ ಕಾರಣವೆಂದು ಹೇಳುವುದುಂಟು. ಎರಡೂ ಕಾರಣಗಳು ಒಂದೇ ಶಬ್ದದಲ್ಲಿ ಶ್ಲೇಷೆಯಂತೆ ಕೂಡಿಕೊಂಡಿರಲು ಅಡ್ಡಿಯೇನೂ ಇಲ್ಲ. ೧೯೦೩ರಲ್ಲಿ ಪಾಲುಗಾರರಿಬ್ಬರೂ ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ಸ್ವಂತದ್ದಾದ ಉದ್ಯಾನವೊಂದನ್ನು ತೆರೆದಾಗ ಅದಕ್ಕೂ 'ಲೂನಾ ಪಾರ್ಕ್' ಎಂದೇ ಹೆಸರಿಟ್ಟರು. ಅನಂತರ ಆದದ್ದು ಶಬ್ದಚರಿತ್ರೆಯ ಒಂದು ಸೋಜಿಗ. ದೇಶದೇಶಗಳಲ್ಲಿ ಅದೇ ಹೆಸರಿನ ಉದ್ಯಾನಗಳು ಎದ್ದುವು. ಇಟಲಿ, ಗ್ರೀಸ್, ತುರ್ಕಿ ಮೊದಲಾದ ದೇಶಗಳ ನುಡಿಗಳಲ್ಲಿ 'ಲೂನಾಪಾರ್ಕ್' ಎಂಬುದು ಒಂದು ಉದ್ಯಾನದ ಹೆಸರಾಗಿ ಉಳಿಯದೆ ವಿನೋದೋದ್ಯಾನಕ್ಕೆಲ್ಲ ಸಾಮಾನ್ಯ ನಾಮವೇ ಆಗಿಬಿಟ್ಟಿತು. ಕೋನಿ ದ್ವೀಪದ ಮೂಲ ಉದ್ಯಾನವು ೧೯೪೪ರಲ್ಲಿ ಬೆಂಕಿಗೆ ತುತ್ತಾಯಿತು. ನೌಕೆಯೂ ಇಲ್ಲ, ಚಂದ್ರಲೋಕವೂ ಇಲ್ಲ. ಹೆಸರು ಮಾತ್ರ ಅನ್ಯಭಾಷೆಗಳ ಕೋಶಗಳಲ್ಲಿ ಇಂದಿಗೂ ಜೀವಿಸಿರುವುದು. ಅಂದಿನ ಕುಳ್ಳ ವೇಷಧಾರಿಗಳ ಹೆಸರುಗಳನ್ನಾದರೋ ಜನರು ಮರೆತೇಬಿಟ್ಟರು. ಹಲಗೆ ಬಟ್ಟೆಗಳ ನೌಕೆಗೆ ಸಂದ ಭಾಗ್ಯವು ಅದರಲ್ಲಿ ದುಡಿದ ಮನುಷ್ಯರಿಗೆ ಸಲ್ಲಲಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆಯೂ ಇದೇ ವಿಷಯವು ಬೇರೆ ಬೇರೆ ರೂಪದಲ್ಲಿ ಎದುರಾಗುವುದು.

೩

ವಾಲ್ಟ್ ಡಿಸ್ನಿಯು ಕ್ಯಾಲಿಫೋರ್ನಿಯ ಪ್ರಾಂತದ ಆನಹೈಮ್ ಎಂಬಲ್ಲಿ ೧೯೫೫ರ ಜುಲೈ ೧೭ರಂದು ಡಿಸ್ನಿಲ್ಯಾಂಡನ್ನು ತೆರೆದನು. ಅಲ್ಲಿಯ ಮೊದಲ ಕಥಾಸವಾರಿಗಳಿಗೆ ಪಾತ್ರಗಳನ್ನು ಹೊಸದಾಗಿ ಕಲ್ಪಿಸುವ ಆವಶ್ಯಕತೆಯಿರಲಿಲ್ಲ. ಅವನ ಚಲಚ್ಚಿತ್ರಗಳಿಂದ ಜನರಿಗೆ ಮೊದಲೇ ಪರಿಚಿತರಾಗಿದ್ದ ಸ್ನೋ ವೈಟ್, ಪೀಟರ್ ಪ್ಯಾನ್ ಮುಂತಾದವರ ಕಥೆಗಳನ್ನೇ ಕತ್ತಲೆಯ ಕೋಣೆಗಳಲ್ಲಿ ಹಳಿಯ ಮೇಲೆ ಓಡುವ ಬಂಡಿಗಳಿಗೆ ಹೊಂದಿಸಿದರು. ಆದರೆ ಇಲ್ಲಿ ಒಂದು ವಿಚಿತ್ರವು ನಡೆಯಿತು. ಸ್ನೋ ವೈಟಳ ಸವಾರಿಯಲ್ಲಿ ಸ್ನೋ ವೈಟಳೇ ಇರಲಿಲ್ಲ. ಪೀಟರ್ ಪ್ಯಾನನ ಸವಾರಿಯಲ್ಲಿ ಪೀಟರ್ ಪ್ಯಾನನೇ ಇರಲಿಲ್ಲ!

ಇದು ಅಚಾತುರ್ಯವಲ್ಲ, ಬುದ್ಧಿಪೂರ್ವಕವಾಗಿ ಮಾಡಿದ್ದು. ಬಂಡಿಯಲ್ಲಿ ಕುಳಿತವನೇ ಕಥೆಯ ನಾಯಕನು. ಮಾಟಗಾತಿಯು ಸೇಬನ್ನು ನೀಡುವುದು ಅವನಿಗೇ. ಆಕಾಶದಲ್ಲಿ ಹಾರುವವನೂ ಅವನೇ. ಹೀಗಿರಲು ನಾಯಕನ ಬೊಂಬೆಯು ಮತ್ತೇತಕ್ಕೆ ಎಂಬುದು ರಚಕರ ತರ್ಕ. ತರ್ಕವೇನೋ ಸೊಗಸಾದದ್ದೇ. ವೇದಾಂತಿಗಳಿಗಂತೂ ಮೆಚ್ಚಿಕೆಯಾದೀತು, ನೋಡುವವನೇ ನೋಡಲ್ಪಡುವವನು. ಆದರೆ ಜನರು ವೇದಾಂತಿಗಳಾಗಿರಲಿಲ್ಲ. 'ಸ್ನೋ ವೈಟ್ ಎಲ್ಲಿ?' ಎಂದು ಅವರು ಕೇಳುತ್ತಲೇ ಹೋದರು. ಕೊನೆಗೆ ೧೯೮೩ರಲ್ಲಿ ಆ ಸವಾರಿಗಳನ್ನು ಹೊಸದಾಗಿ ಕಟ್ಟಿದಾಗ ನಾಯಕಿಯನ್ನೂ ನಾಯಕನನ್ನೂ ಒಳಗೆ ತಂದು ನಿಲ್ಲಿಸಬೇಕಾಯಿತು.

ಇದರಿಂದ ತಿಳಿದುಬರುವುದೇನೆಂದರೆ, ಹೆಸರು ಬಾಗಿಲ ಮೇಲಿದ್ದರೆ ಆ ಹೆಸರಿನವರು ಒಳಗಿರಬೇಕು. ಜನರಿಗೆ ತಾವು ಮತ್ತೊಬ್ಬರಾಗುವುದಕ್ಕಿಂತ ಮತ್ತೊಬ್ಬರನ್ನು ಕಾಣುವುದರಲ್ಲಿ ಹೆಚ್ಚು ಆಸೆ. ಇದಕ್ಕೆ ತಿರುಗುಮುರುಗಾದ ಪ್ರಶ್ನೆಯು ಮುಂದಿನದು: ಒಳಗೆ ಪಾತ್ರಗಳು ತುಂಬಿ ತುಳುಕುತ್ತಿದ್ದು, ಅವುಗಳಿಗೆ ಹೆಸರೇ ಇಲ್ಲದಿದ್ದರೆ?

೪

ಹಾಗೆ ಆದದ್ದು 'ಕೆರಿಬಿಯನ್ ಸಮುದ್ರದ ಕಡಲ್ಗಳ್ಳರು' ಎಂಬ ಸವಾರಿಯಲ್ಲಿ. ಇದನ್ನು ಜನರಿಗೆ ತೆರೆದದ್ದು ೧೯೬೭ರ ಮಾರ್ಚ್ ೧೮ರಂದು. ವಾಲ್ಟ್ ಡಿಸ್ನಿಯು ಅದಕ್ಕೆ ಮೂರು ತಿಂಗಳು ಮೊದಲು, ೧೯೬೬ರ ಡಿಸೆಂಬರ್ ೧೫ರಂದು, ತೀರಿಕೊಂಡಿದ್ದನು. ಮೊದಲಿನ ಆಲೋಚನೆಯಂತೆ ಇದು ಮೇಣದ ಪ್ರತಿಮೆಗಳ ಸಂಗ್ರಹಾಲಯವಾಗಬೇಕಾಗಿತ್ತು. ಜನರು ನಡೆದುಕೊಂಡು ಹೋಗಿ ಚರಿತ್ರೆಯಲ್ಲಿ ಪ್ರಸಿದ್ಧರಾದ ಕಡಲ್ಗಳ್ಳರನ್ನು ನೋಡಿ ಬರುವ ಏರ್ಪಾಡು. ಹಾಗೆಯೇ ಆಗಿದ್ದರೆ ಪ್ರತಿಯೊಂದು ಪ್ರತಿಮೆಗೂ ಒಂದು ಹೆಸರಿನ ಹಲಗೆ ಇರುತ್ತಿತ್ತು. ೧೯೬೪-೬೫ರ ನ್ಯೂಯಾರ್ಕ್ ವಿಶ್ವಪ್ರದರ್ಶನಕ್ಕಾಗಿ ಮಾಡಿದ ಕೆಲಸದಿಂದ ದೋಣಿಗಳಲ್ಲಿ ಜನರನ್ನು ಸಾಗಿಸುವ ವಿಧಾನವೂ ಕೀಲುಬೊಂಬೆಗಳನ್ನು ಧ್ವನಿಗೆ ಸರಿಯಾಗಿ ಆಡಿಸುವ ವಿಧಾನವೂ ಕೈವಶವಾಗಲು, ಸಂಗ್ರಹಾಲಯದ ಯೋಜನೆಯು ಸವಾರಿಯ ಯೋಜನೆಯಾಗಿ ಮಾರ್ಪಟ್ಟಿತು.

ಪಾತ್ರಗಳನ್ನು ಕಲ್ಪಿಸಿದವನು ಮಾರ್ಕ್ ಡೇವಿಸ್. ಇವನು ಡಿಸ್ನಿಯ ಚಿತ್ರಶಾಲೆಯ ಅಗ್ರಗಣ್ಯ ಚಿತ್ರಕಾರರಲ್ಲಿ ಒಬ್ಬನು. ಟಿಂಕರ್ ಬೆಲ್, ಮಲೆಫಿಸೆಂಟ್ ಮೊದಲಾದ ಪಾತ್ರಗಳಿಗೆ ಚಲನೆ ಕೊಟ್ಟವನು. ಕಡಲ್ಗಳ್ಳರ ಚರಿತ್ರೆಯನ್ನು ಓದಿ ನೋಡಿದಾಗ ಅವರಲ್ಲಿ ಬಹುಮಂದಿ ವೀರಕಾಳಗಗಳಲ್ಲಿ ಸಾಯದೆ ರೋಗರುಜಿನಗಳಿಂದ ಸತ್ತರೆಂದು ತನಗೆ ತಿಳಿದುಬಂದಿತೆಂಬುದಾಗಿ ಅವನು ಆಮೇಲೆ ಹೇಳಿಕೊಂಡಿರುವನು. ಆದಕಾರಣ ಅವನು ಚರಿತ್ರೆಯನ್ನು ಬದಿಗಿಟ್ಟು ಕಥೆಯ ಕಡಲ್ಗಳ್ಳರನ್ನು ಬರೆದನು: ಸೆರೆಮನೆಯ ಕಂಬಿಗಳ ಹಿಂದಿನಿಂದ ಎಲುಬನ್ನು ತೋರಿಸಿ ನಾಯಿಯ ಬಾಯಿಯಲ್ಲಿಯ ಬೀಗದ ಕೈಗೆ ಆಸೆಪಡುವವರು, ಹಂದಿಗಳ ನಡುವೆ ಕೆಸರಿನಲ್ಲಿ ಮಲಗಿ ಕುಡಿದು ಹಾಡುವವನು, ಇಂಥವರು. ಇವರಲ್ಲಿ ಯಾರಿಗೂ ಹೆಸರಿಲ್ಲ. ಹೆಸರು ಬೇಕಾಗಲೂ ಇಲ್ಲ. ಕ್ಷಣಮಾತ್ರದಲ್ಲಿ ದೋಣಿಯು ಮುಂದೆ ಸಾಗುವುದರಿಂದ ನಿಲುವೇ ಅವರ ಹೆಸರು, ಮುಖವೇ ಅವರ ವಂಶಾವಳಿ.

ಆ ಮುಖಗಳ ವಿಷಯವಾಗಿ ಒಂದು ಮಾತು. ಅವುಗಳನ್ನು ಕಡೆದ ಶಿಲ್ಪಿಯು ಬ್ಲೇನ್ ಗಿಬ್ಸನ್. ಊಟದ ಮನೆಗಳಲ್ಲಿಯೂ ಇಗರ್ಜಿಯಲ್ಲಿಯೂ ಅಪರಿಚಿತರ ಮುಖಗಳನ್ನು ಬಿಡುಗಣ್ಣಿನಿಂದ ದಿಟ್ಟಿಸಿ ನೋಡುವುದು ಅವನ ಚಾಳಿಯಾಗಿತ್ತಂತೆ. ಹೀಗೆ ಯಾವನೋ ಭಕ್ತನ ಮೂಗು, ಯಾವನೋ ವರ್ತಕನ ಹುಬ್ಬು ಕಡಲ್ಗಳ್ಳರ ಪಾಲಾದುವು. ಆ ಮನುಷ್ಯರಿಗೆ ತಮ್ಮ ಮುಖವು ಶಾಶ್ವತವಾದದ್ದು ತಿಳಿಯದು.

ಮಾತುಗಳನ್ನು ಬರೆದವನು ಫ್ರಾನ್ಸಿಸ್ ಝೇವಿಯರ್ ಅಟೆನ್ಸಿಯೊ. ಹರಾಜಿನ ದೃಶ್ಯದಲ್ಲಿ ಅನೇಕರು ಒಟ್ಟಿಗೆ ಕೂಗಾಡುವುದರಿಂದ ಮಾತೊಂದೂ ಸ್ಪಷ್ಟವಾಗದೆಂದು ಇವನು ಶಂಕಿಸಿದಾಗ, ಔತಣಕೂಟದಲ್ಲಿ ಅಲ್ಲೊಂದು ಇಲ್ಲೊಂದು ಮಾತು ಕಿವಿಗೆ ಬೀಳುವಂತೆಯೇ ಇದೂ ಇರಲಿ, ಕೇಳದೆ ಹೋದದ್ದನ್ನು ಕೇಳಲು ಜನರು ಮತ್ತೆ ಬರುತ್ತಾರೆಂದು ಡಿಸ್ನಿಯು ಸಮಾಧಾನ ಹೇಳಿದನೆಂದು ಪ್ರತೀತಿ. ಈ ಗದ್ದಲದ ನಡುವೆಯೂ ಒಂದು ಹೆಸರು ಸ್ಪಷ್ಟವಾಗಿ ಕೇಳಿಬರುವುದು. ಪಟ್ಟಣಾಧಿಕಾರಿಯನ್ನು ಕಡಲ್ಗಳ್ಳರು ಬಾವಿಯಲ್ಲಿ ಮುಳುಗಿಸಿ ಎತ್ತಿ ಭಂಡಾರದ ಗುಟ್ಟನ್ನು ಕೇಳುತ್ತಿರಲು, ಅವನ ಹೆಂಡತಿಯು ಮೇಲಣ ಕಿಟಕಿಯಿಂದ ಬಗ್ಗಿ 'ಕಾರ್ಲೋಸ್' ಎಂದು ಅವನನ್ನು ಕೂಗಿ ಬಾಯಿಬಿಡಬೇಡವೆಂದು ಎಚ್ಚರಿಸುವಳು. ಇಷ್ಟೊಂದು ಬೊಂಬೆಗಳಲ್ಲಿ ಇವನಿಗೆ ಏತಕ್ಕೆ ಹೆಸರು? ಕರೆಯುವ ಹೆಂಡತಿಯೊಬ್ಬಳು ಇದ್ದಳಾದ್ದರಿಂದ. ಕರೆಯುವವರಿದ್ದಲ್ಲಿ ಹೆಸರು ತಾನಾಗಿ ಹುಟ್ಟುವುದು, ಇಲ್ಲದಲ್ಲಿ ಹುಟ್ಟದು. ಈ ವಿಷಯದಲ್ಲಿ ಇದಕ್ಕಿಂತ ದೊಡ್ಡ ಸೂತ್ರವಿಲ್ಲ.

ಆದರೆ ಹೆಸರಿಲ್ಲದಿರುವುದು ಎಲ್ಲ ಬೊಂಬೆಗಳಿಗೂ ಒಂದೇ ಬಗೆಯಾಗಿರಲಿಲ್ಲ. ಹರಾಜಿನ ದೃಶ್ಯದಲ್ಲಿ ಮಾರಾಟಕ್ಕೆ ನಿಲ್ಲಿಸಿದವರು ಪಟ್ಟಣದ ಹೆಂಗಸರು. ಅವರಲ್ಲಿ ಕೆಂಪು ಉಡುಪಿನ ಕೆಂಗೂದಲಿನವಳೊಬ್ಬಳು ನೋಡುವವರ ಕಣ್ಣಿಗೆ ಮೊದಲು ಬೀಳುತ್ತಿದ್ದಳು. ಜನರೂ ನೌಕರರೂ ಅವಳನ್ನು 'ಕೆಂಗೂದಲಿನವಳು' ಎಂದೇ ಕರೆದರು. ಅದು ಗುರುತೇ ಹೊರತು ಹೆಸರಲ್ಲ, ಸಂತೆಯಲ್ಲಿ ಹಸುವನ್ನು ಬಣ್ಣದಿಂದ ಗುರುತಿಸುವಂತೆ. ಐವತ್ತೊಂದು ವರ್ಷಗಳ ಕಾಲ ಹಗಲೆಲ್ಲ ಅವಳು ಹೀಗೆ ಹರಾಜಾಗುತ್ತಲೇ ಇದ್ದಳು, ಜನರು ನಗುತ್ತಲೇ ಇದ್ದರು. ೨೦೧೮ರಲ್ಲಿ ಆ ದೃಶ್ಯವನ್ನು ಬದಲಾಯಿಸಿದರು. ಈಗ ಅವಳೂ ಒಬ್ಬ ಕಡಲ್ಗಳ್ಳಿ. ಕೈಯಲ್ಲಿ ಕೋವಿ, ಮುಂದೆ ಹರಾಜಾಗುವುದು ಹೆಂಡದ ಪೀಪಾಯಿ. ಅವಳಿಗೆ 'ರೆಡ್' ಎಂಬ ಹೆಸರೂ ಬಂದಿತು. ಹಳೆಯದನ್ನೇ ಪ್ರೀತಿಸಿದ ಅನೇಕರು ಈ ಬದಲಾವಣೆಗೆ ಮುನಿದರು. ಡೇವಿಸನ ಕೃತಿಗೆ ಕೈಹಚ್ಚಿದರೆಂಬುದು ಅವರ ದೂರು. ಕೃತಿಯನ್ನು ಕಾಪಾಡಬೇಕೆಂಬ ಮಾತಿನಲ್ಲಿ ಸತ್ಯವುಂಟು. ಆದರೂ ನಮಗೆ ತೋರುವುದು ಇಷ್ಟು: ಮಾರಲ್ಪಡುವವಳಿಗೆ ಹೆಸರು ಬೇಕಾಗಿರಲಿಲ್ಲ, ಹೆಸರು ಬಂದ ಮೇಲೆ ಅವಳನ್ನು ಮಾರುವಂತೆಯೂ ಇರಲಿಲ್ಲ. ಹೊಸ ಹೆಸರೂ ಕೂದಲ ಬಣ್ಣದಿಂದಲೇ ಬಂದದ್ದೆಂಬುದು ನಿಜ. ಆದರೆ ಗುರುತು ಅಂಕಿತನಾಮವಾದಾಗ ವಸ್ತುವು ವ್ಯಕ್ತಿಯಾಗುವುದು.

೫

ಹೆಸರಿನ ವಿಷಯದಲ್ಲಿ ಅತ್ಯಂತ ಕೌತುಕಕರವಾದ ಚರಿತ್ರೆಯು 'ದೆವ್ವದ ಭವನ'ದ್ದು. ಇದರ ಹೊರಗಟ್ಟಡವನ್ನು ೧೯೬೩ರ ವೇಳೆಗೇ ಮುಗಿಸಿದ್ದರೂ ಒಳಗಣ ಸವಾರಿಯನ್ನು ತೆರೆದದ್ದು ೧೯೬೯ರ ಆಗಸ್ಟ್ ೯ರಂದು. ನಡುವೆ ಕಥೆಗಳು ಹುಟ್ಟಿದುವು, ಸತ್ತುವು. ೧೯೫೭ರಲ್ಲಿ ಕೆನ್ ಆಂಡರ್ಸನ್ ಎಂಬ ಕಲಾವಿದನು ಗೋರ್ ಎಂಬ ಹಡಗಿನ ಯಜಮಾನನ ಕಥೆಯನ್ನು ಕಟ್ಟಿದ್ದನು. ಆ ಕ್ರೂರಿಯು ಪ್ರಿಸಿಲ್ಲಾ ಎಂಬ ತನ್ನ ನವವಧುವನ್ನು ಕೊಂದವನು. ಇಂಗ್ಲಿಷಿನಲ್ಲಿ 'ಗೋರ್' ಎಂದರೆ ಹೆಪ್ಪುಗಟ್ಟಿದ ನೆತ್ತರು. ಹೆಸರೇ ಕಥೆಯನ್ನು ಹೇಳಿಬಿಡುವುದು. ರಾಲಿ ಕ್ರಂಪ್ ಎಂಬವನು 'ವಿಚಿತ್ರ ವಸ್ತುಗಳ ಸಂಗ್ರಹಾಲಯ'ವೊಂದನ್ನು ಕಲ್ಪಿಸಿದನು. ಡಿಸ್ನಿಯು ಕಾಲವಾದ ಮೇಲೆ ಭವನವು ನಗಿಸಬೇಕೆಂದು ಡೇವಿಸನೂ ಅಂಜಿಸಬೇಕೆಂದು ಕ್ಲಾಡ್ ಕೋಟ್ಸ್ ಎಂಬವನೂ ಪಟ್ಟುಹಿಡಿದರು. ಕೊನೆಗೆ ಮೊದಲರ್ಧವು ಅಂಜಿಸುವುದಾಗಿಯೂ ಉತ್ತರಾರ್ಧವು ನಗಿಸುವುದಾಗಿಯೂ ಏರ್ಪಟ್ಟಿತು. ಒಂದೇ ಕಥೆಯೆಂಬುದು ಉಳಿಯಲಿಲ್ಲ. ಕಥೆಯೊಡನೆ ಹೆಸರುಗಳೂ ಹೋದುವು. ಒಂಬೈನೂರ ತೊಂಬತ್ತೊಂಬತ್ತು ದೆವ್ವಗಳಿವೆ, ಇನ್ನೊಂದಕ್ಕೆ ಎಡೆಯುಂಟು ಎಂದು ಅಲ್ಲಿಯ ಧ್ವನಿಯು ಸಾರುವುದು. ಸಂಖ್ಯೆಯುಂಟು, ನಾಮಾವಳಿಯಿಲ್ಲ.

ಈ ಶೂನ್ಯದಲ್ಲಿ ಹೆಸರುಗಳು ಮೂರು ದಾರಿಗಳಿಂದ ಬಂದುವು.

ಮೊದಲನೆಯ ದಾರಿಯು ಕಮ್ಮಟದ ದಾರಿ. ಭವನದ ಒಂದು ಕೋಣೆಯಲ್ಲಿ ಗಾಜಿನ ಗೋಳದೊಳಗೆ ಹೆಣ್ಣಿನ ತಲೆಯೊಂದು ಮಂತ್ರಗಳನ್ನು ಉಚ್ಚರಿಸುವುದು. ಚಲಿಸದ ಬೊಂಬೆಯ ತಲೆಯ ಮೇಲೆ ಮಾತನಾಡುವ ಮುಖದ ಚಲಚ್ಚಿತ್ರವನ್ನು ಬೀರಿ ಮಾಡಿದ ಕಣ್ಕಟ್ಟು ಅದು. ಈ ಯುಕ್ತಿಯನ್ನು ಸಿದ್ಧಪಡಿಸಿದವರಲ್ಲಿ ಯೇಲ್ ಗ್ರೇಸಿ ಎಂಬವನು ಮುಖ್ಯನು. ಅದಕ್ಕೆ ಒಂದು ಮುಖವು ಬೇಕಾಗಲು, ಅದೇ ಕಮ್ಮಟದಲ್ಲಿ ಕೆಲಸ ಮಾಡುತ್ತಿದ್ದ ಲಿಯೋಟಾ ಟೂಮ್ಸ್ ಎಂಬಾಕೆಯನ್ನು ಕುಳ್ಳಿರಿಸಿ ಚಿತ್ರ ತೆಗೆದರು. ಧ್ವನಿಯು ಎಲಿನರ್ ಆಡ್ಲಿ ಎಂಬ ನಟಿಯದು. ಮುಖವನ್ನು ಕೊಟ್ಟಾಕೆಯ ಹೆಸರೇ ಆ ತಲೆಗೆ ನಿಂತುಹೋಯಿತು. 'ಮದಾಂ ಲಿಯೋಟಾ' ಎಂದು ಲೋಕವೆಲ್ಲ ಅದನ್ನು ಕರೆಯುವುದು. ನಮ್ಮ ತೊಗಲುಬೊಂಬೆಯಾಟದಲ್ಲಿ ಕಿಳ್ಳೇಕ್ಯಾತನೆಂಬ ಹಾಸ್ಯದ ಬೊಂಬೆಗೂ ಆಡಿಸುವ ಜನಾಂಗಕ್ಕೂ ಒಂದೇ ಹೆಸರಿರುವುದು ವಾಚಕರಿಗೆ ವಿದಿತವೇ. ಬೊಂಬೆಯೂ ಬೊಂಬೆಯವರೂ ಹೀಗೆ ಹೆಸರನ್ನು ಹಂಚಿಕೊಳ್ಳುವುದು ಕಲೆಯಲ್ಲಿ ಹೊಸದಲ್ಲ. ಲಿಯೋಟಾ ಟೂಮ್ಸ್ ೧೯೯೧ರಲ್ಲಿ ತೀರಿಕೊಂಡಳು. ಆಕೆಯ ಮಗಳಾದ ಕಿಮ್ ಅರ್ವಿನ್ ಅದೇ ವೃತ್ತಿಯನ್ನು ಹಿಡಿದಳು. ೨೦೦೧ರಲ್ಲಿ ಹಬ್ಬದ ಕಾಲಕ್ಕಾಗಿ ಭವನಕ್ಕೆ ಬೇರೆ ವೇಷ ಹಾಕಿದಾಗ ಗೋಳದೊಳಗೆ ಮೂಡಿದ್ದು ಮಗಳ ಮುಖ. ತಾಯಿಯ ಹೆಸರಿನ ಬೊಂಬೆಗೆ ಮಗಳು ಮುಖವಾದಳು.

ಎರಡನೆಯದು ಋಣದ ದಾರಿ. ಫ್ಲಾರಿಡಾದಲ್ಲಿ ೧೯೭೧ರ ಅಕ್ಟೋಬರ್ ೧ರಂದು ತೆರೆದ ಎರಡನೆಯ ಭವನದ ಮುಂದೆ ಸುಳ್ಳು ಸಮಾಧಿಗಳ ಸಾಲೊಂದಿದೆ. ಕಲ್ಲುಗಳ ಮೇಲಣ ವಿನೋದದ ಪದ್ಯಗಳಲ್ಲಿ ಕಾಣುವ ಮಾರ್ಕ್, ಕ್ಲಾಡ್, ಝೇವಿಯರ್, ಗ್ರೇಸಿ ಎಂಬ ಹೆಸರುಗಳು ಆ ಭವನವನ್ನು ಕಟ್ಟಿದ ಕಲಾವಿದರವೇ. ಚಲಚ್ಚಿತ್ರವು ಮುಗಿದಾಗ ದುಡಿದವರ ಪಟ್ಟಿಯು ತೆರೆಯ ಮೇಲೆ ಬರುವುದು. ಸವಾರಿಯು ಮುಗಿದಾಗ ಬಾಗಿಲು ತೆರೆದು ಬೀದಿಗೆ ಬಿಡುವರು, ಪಟ್ಟಿಯಿಲ್ಲ. ಉದ್ಯಾನದ ಮುಖ್ಯ ಬೀದಿಯ ಕಿಟಕಿಗಳ ಮೇಲೆ ಕೆಲವರ ಹೆಸರುಗಳನ್ನು ಬರೆಯುವ ಗೌರವವೇನೋ ಉಂಟು. ಆದರೆ ಕೃತಿಯ ಮೈಮೇಲೆಯೇ ಕೃತಿಕಾರರ ಹೆಸರು ನಿಲ್ಲಬೇಕಾದರೆ ಅವರು ಹೀಗೆ ತಮಾಷೆಗಾಗಿ ಸಾಯಬೇಕಾಯಿತು!

ಸೋಜಿಗವೆಂದರೆ ಜನರು ಈ ತಮಾಷೆಯನ್ನು ತಿಳಿಯದೆ ಅದರಿಂದ ಹೊಸ ಕಥೆಯನ್ನೇ ಕಟ್ಟಿದರು. ಸಮಾಧಿಯ ಮೇಲೆ ಗ್ರೇಸಿಯ ಹೆಸರಿನ ಹಿಂದೆ 'ಮಾಸ್ಟರ್' ಎಂಬ ಬಿರುದಿತ್ತು. ಅದನ್ನು ಓದಿದವರು ಭವನದ ಯಜಮಾನನೇ ಅವನೆಂದು ಬಗೆದರು. ಆ ನಂಬಿಕೆಯು ಬೆಳೆದು, ೨೦೦೩ರಲ್ಲಿ ಭವನದ ಹೆಸರಿನಲ್ಲಿ ಚಲಚ್ಚಿತ್ರವು ಬಂದಾಗ ಅದರ ಯಜಮಾನನಿಗೆ ಗ್ರೇಸಿ ಎಂದೇ ಹೆಸರಾಯಿತು. ಕನ್ನಡಿ ದೀಪಗಳಿಂದ ದೆವ್ವಗಳನ್ನು ಮಾಡುತ್ತಿದ್ದ ಶಿಲ್ಪಿಯು ಹೀಗೆ ತಾನೇ ಒಂದು ದೆವ್ವವಾದನು.

ಮೂರನೆಯದು ಪ್ರೀತಿಯ ದಾರಿ. ಸವಾರಿಯ ಕೊನೆಯಲ್ಲಿ ಮೂರು ದೆವ್ವಗಳು ಹೆಬ್ಬೆರಳು ಚಾಚಿ ಬಂಡಿ ಹತ್ತಲು ಕಾದಿರುವುವು. ಕನ್ನಡಿಯಲ್ಲಿ ನೋಡಿದರೆ ಅವುಗಳಲ್ಲೊಂದು ನಮ್ಮ ಪಕ್ಕದಲ್ಲಿಯೇ ಕುಳಿತಿರುವಂತೆ ಕಾಣುವುದು. ರಚಕರು ಇವುಗಳನ್ನು ಸೆರೆಯಾಳು, ಅಸ್ಥಿಪಂಜರ, ಪ್ರಯಾಣಿಕ ಎಂದಷ್ಟೇ ಗುರುತಿಸಿದ್ದರು. ಆದರೆ ಇವು ನಮ್ಮೊಡನೆ ಮನೆಗೆ ಬರುವ ದೆವ್ವಗಳು. ಬಂದ ಅತಿಥಿಯನ್ನು ಹೆಸರು ಕೇಳದೆ ಇರುವುದುಂಟೆ? ನೌಕರರೂ ಅಭಿಮಾನಿಗಳೂ ತಮ್ಮತಮ್ಮಲ್ಲಿ ಹೆಣೆದುಕೊಂಡ ಕಥೆಗಳಲ್ಲಿ ಸೆರೆಯಾಳು ಗಸ್ ಆದನು, ಅಸ್ಥಿಪಂಜರವು ಎಜ್ರಾ ಆಯಿತು, ಪ್ರಯಾಣಿಕನು ಫಿನಿಯಸ್ ಆದನು. ಯಾವ ಅಧಿಕಾರವೂ ಇಲ್ಲದೆ ಇಟ್ಟ ಈ ಹೆಸರುಗಳು ಬಾಯಿಂದ ಬಾಯಿಗೆ ಹರಡಿ, ಕೊನೆಗೆ ಸಂಸ್ಥೆಯವರೇ ಅವುಗಳನ್ನು ಅಂಗೀಕರಿಸಿ ತಾವು ಮಾರುವ ಆಟದ ಸಾಮಾನುಗಳ ಮೇಲೆ ಅಚ್ಚು ಹಾಕಿಸಿದರು. ಜನಪದವು ಇಟ್ಟ ಹೆಸರನ್ನು ಅರಮನೆಯು ಒಪ್ಪಿಕೊಂಡಂತಾಯಿತು.

ಸಂಸ್ಥೆಯು ತಾನಾಗಿ ಇಟ್ಟ ಹೆಸರಿನ ಉದಾಹರಣೆಯೂ ಇಲ್ಲಿಯೇ ಉಂಟು. ಅಟ್ಟದ ಮೇಲೆ ಬಡಿಯುವ ಹೃದಯದ ವಧುವೊಬ್ಬಳು ಹಲವು ದಶಕಗಳ ಕಾಲ ಹೆಸರಿಲ್ಲದೆ ನಿಂತಿದ್ದಳು. ಅವಳಾರು, ಏಕೆ ಕಾದಿರುವಳು ಎಂಬುದನ್ನು ನೋಡಿದವರು ತಮಗೆ ತೋರಿದಂತೆ ಊಹಿಸಿಕೊಳ್ಳುತ್ತಿದ್ದರು. ೨೦೦೬ರಲ್ಲಿ ಅವಳ ಎಡೆಯಲ್ಲಿ ಕಾನ್‌ಸ್ಟನ್ಸ್ ಹ್ಯಾಚವೇ ಎಂಬವಳು ಬಂದಳು; ಐವರು ಗಂಡಂದಿರನ್ನು ಒಬ್ಬರಾದ ಮೇಲೊಬ್ಬರಂತೆ ಕೊಂದವಳು. ಆ ಭಾಷೆಯಲ್ಲಿ ಕಾನ್‌ಸ್ಟನ್ಸ್ ಎಂದರೆ ಸ್ಥಿರನಿಷ್ಠೆ. ಹ್ಯಾಚವೇ ಎಂಬುದರಲ್ಲಿ ಹ್ಯಾಚೆಟ್, ಎಂದರೆ ಕೈಗೊಡಲಿ, ಅಡಗಿ ಕುಳಿತಿದೆ. ಹೆಸರು ಚಮತ್ಕಾರದ್ದೇ ಸರಿ. ಆದರೆ ಗಸ್ ಎಂಬ ಹೆಸರು ದೆವ್ವಕ್ಕೆ ಜೀವವನ್ನು ಕೊಟ್ಟಿತು. ಈ ಹೆಸರು ವಧುವಿನ ರಹಸ್ಯವನ್ನು ಕಿತ್ತುಕೊಂಡಿತು. ಎಲ್ಲ ನಾಮಕರಣವೂ ಲಾಭಕರವಲ್ಲ.

೬

ಈವರೆಗೆ ರೂಪವು ಮೊದಲು, ನಾಮವು ಆಮೇಲೆ. ಇದಕ್ಕೆ ಪ್ರತಿಯಾಗಿ ನಾಮವೇ ಮೊದಲು ಹುಟ್ಟಿ ರೂಪವನ್ನು ಹುಡುಕಿಕೊಂಡು ಬಂದ ಉದಾಹರಣೆಯೊಂದುಂಟು. ಫ್ಲಾರಿಡಾದ ಎಪ್‌ಕಾಟ್ ಎಂಬ ಉದ್ಯಾನದಲ್ಲಿ ಕಲ್ಪನಾಶಕ್ತಿಯನ್ನೇ ವಿಷಯವನ್ನಾಗಿ ಮಾಡಿ ಒಂದು ಸವಾರಿಯನ್ನು ರಚಿಸುವ ಹೊಣೆಯು ಟೋನಿ ಬ್ಯಾಕ್ಸ್‌ಟರ್ ಎಂಬವನ ಮೇಲೆ ಬಿದ್ದಿತು. ಕೋಡಕ್ ಸಂಸ್ಥೆಯು ಅದರ ಪೋಷಕ. ಬ್ಯಾಕ್ಸ್‌ಟರನಲ್ಲಿ ಹಿಂದೆ ಎಂದೂ ಕಟ್ಟದೆ ಹೋದ ಯೋಜನೆಯೊಂದರ ಪಾತ್ರವಿತ್ತು. ಡ್ರ್ಯಾಗನ್ ಎಂಬ ರೆಕ್ಕೆಯ ಘಟಸರ್ಪಗಳನ್ನು ಸಾಕುವ ಪ್ರೊಫೆಸರ್ ಮಾರ್ವೆಲ್ ಎಂಬ ಗಡ್ಡದ ಪಂಡಿತ. ಆ ಪಂಡಿತನೇ ಇಲ್ಲಿ 'ಡ್ರೀಮ್‌ಫೈಂಡರ್', ಎಂದರೆ ಕನಸುಗಳನ್ನು ಅರಸುವವನು, ಆದನು. ಆದರೆ ಅವನ ಜೊತೆಯ ಮರಿ ಪ್ರಾಣಿಗೆ ಹೆಸರು ಸಿಕ್ಕಿರಲಿಲ್ಲ.

ಬ್ಯಾಕ್ಸ್‌ಟರನು ಹೇಳಿಕೊಂಡಿರುವ ಪ್ರಕಾರ, ಒಂದು ದಿನ ದೂರದರ್ಶನದ ಪತ್ತೇದಾರಿ ಕಥಾಮಾಲೆಯೊಂದರಲ್ಲಿ 'ಫಿಗ್‌ಮೆಂಟ್' ಎಂಬ ಮಾತು ಅವನ ಕಿವಿಗೆ ಬಿದ್ದಿತು. ಬರಿಯ ಕಲ್ಪನೆಯ ತುಣುಕಿಗೆ ಇಂಗ್ಲಿಷರು ನಿತ್ಯವೂ ಬಳಸುವ ಶಬ್ದವದು. ಎಲ್ಲರೂ ಬಲ್ಲ ಹೆಸರು, ಆದರೆ ಅದು ಹೇಗಿರುವುದೆಂದು ಕಂಡವರು ಒಬ್ಬರೂ ಇಲ್ಲ! ಅವನಿಗೆ ಆ ಕ್ಷಣದಲ್ಲಿ ಹೊಳೆದದ್ದು ಇದೇ. ನಮ್ಮ ತಾರ್ಕಿಕರು ಇಲ್ಲದ ವಸ್ತುಗಳಿಗೆ ಮೊಲದ ಕೊಂಬು, ಬಂಜೆಯ ಮಗ, ಆಕಾಶಕುಸುಮ ಎಂದು ಹೆಸರಿಟ್ಟು ನೂರಾರು ವರ್ಷ ವಾದಿಸಿದರು. ಆದರೆ ಆ ಮೊಲವನ್ನು ಯಾರೂ ಬರೆದು ತೋರಿಸಲಿಲ್ಲ. ಬ್ಯಾಕ್ಸ್‌ಟರನ ಸಂಗಡಿಗರು ಬರೆದು ತೋರಿಸಿದರು. ಸಣ್ಣ ರೆಕ್ಕೆ, ಎತ್ತಿನ ಕೊಂಬು, ಮೊಸಳೆಯ ಮೂತಿ ಮೊದಲಾದುವನ್ನು ಅಲ್ಲಲ್ಲಿಂದ ಕೂಡಿಸಿ ಒಂದು ಪುಟ್ಟ ಪ್ರಾಣಿಯನ್ನು ಮಾಡಿದರು. ಮೊದಲು ಹಸುರಾಗಿದ್ದದ್ದು ಆಮೇಲೆ ನೇರಳೆಯಾಯಿತು. ಹಸುರು ಪೋಷಕರ ಪ್ರತಿಸ್ಪರ್ಧಿಗಳ ಬಣ್ಣವಾಗಿದ್ದುದೇ ಕಾರಣವೆಂದು ಹೇಳುವರು. ಫಿಗ್‌ಮೆಂಟ್ ಎಂಬುದರ ಲ್ಯಾಟಿನ್ ಧಾತುವಿಗೆ ಜೇಡಿಮಣ್ಣನ್ನು ಕೈಯಿಂದ ಒತ್ತಿ ರೂಪಕೊಡುವುದೆಂದು ಅರ್ಥ. ಕಲ್ಪನೆಯೆಂಬುದು ಹಿಂದಣವರ ಭಾವನೆಯಲ್ಲಿ ಕುಂಬಾರನ ಕೆಲಸವಾಗಿತ್ತು. ಇಲ್ಲಿ ಶಬ್ದವು ಮತ್ತೆ ತನ್ನ ಮಣ್ಣಿಗೆ ಮರಳಿತು.

ಸವಾರಿಯು ೧೯೮೩ರ ಮಾರ್ಚಿಯಲ್ಲಿ ತೆರೆಯಿತು. ೧೯೯೮ರಲ್ಲಿ ಅದನ್ನು ಮುಚ್ಚಿ, ಮರುವರ್ಷ ಬೇರೊಂದು ಸವಾರಿಯನ್ನು ಅಲ್ಲಿ ತಂದರು. ಡ್ರೀಮ್‌ಫೈಂಡರನು ಹೋದನು, ಫಿಗ್‌ಮೆಂಟನು ಹೆಸರಿಗೆ ಮಾತ್ರ ಉಳಿದನು. ಜನರ ಅಸಮಾಧಾನವು ಎಷ್ಟಾಯಿತೆಂದರೆ, ೨೦೦೧ರಲ್ಲಿ ಅದನ್ನೂ ಮುಚ್ಚಿ, ೨೦೦೨ರಲ್ಲಿ ಫಿಗ್‌ಮೆಂಟನನ್ನು ಮತ್ತೆ ಕರೆತಂದು ಕಥೆಯ ನಡುವೆ ನಿಲ್ಲಿಸಬೇಕಾಯಿತು. ಇಲ್ಲದ್ದಕ್ಕೆ ಇಟ್ಟ ಹೆಸರು ಇದ್ದವರ ಹೃದಯದಲ್ಲಿ ಎಷ್ಟು ಆಳವಾಗಿ ಬೇರು ಬಿಟ್ಟಿತ್ತೆಂಬುದಕ್ಕೆ ಇದೇ ಸಾಕ್ಷಿ.

೭

ಆಮೇಲಿನ ಕಾಲದಲ್ಲಿ ರಚಕರು ಹೆಸರನ್ನು ಅದೃಷ್ಟಕ್ಕೆ ಬಿಡಲಿಲ್ಲ. ಪಾತ್ರವನ್ನು ಹೆಸರು, ಮನೆತನ, ಪೂರ್ವಚರಿತ್ರೆಗಳೊಡನೆಯೇ ಹುಟ್ಟಿಸಿದರು. ಹಾಲೆಂಡಿನ ಎಫ್ಟೆಲಿಂಗ್ ಉದ್ಯಾನದಲ್ಲಿ ೧೯೯೬ರಲ್ಲಿ ತೆರೆದ ವಿಲ್ಲಾ ವೋಲ್ಟಾ ಎಂಬ ಭ್ರಮಾಗೃಹವು ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಯಜಮಾನನು ಹ್ಯೂಗೋ ವಾನ್ ಡೆನ್ ಲೋನ್ಸೆ ಡೌನೆನ್; ಹೋತದ ಮೇಲೇರಿ ಸುಲಿಗೆ ಮಾಡುವವರೆಂದು ಆ ದೇಶದ ಐತಿಹ್ಯಗಳಲ್ಲಿ ಹೇಳುವ ಕಳ್ಳರ ನಾಯಕನು; ಮಾಡಿದ ಪಾಪದಿಂದ ಶಾಪಗ್ರಸ್ತನಾಗಿ ತನ್ನ ಮನೆಯಲ್ಲಿಯೇ ನೆಲೆ ಕಾಣದವನು. ಕಲ್ಪಿಸಿದವನು ಉದ್ಯಾನದ ಕಲಾವಿದನಾದ ಟೋನ್ ವಾನ್ ಡೆ ವೆನ್. ಮನೆತನದ ಹೆಸರು ಉದ್ಯಾನಕ್ಕೆ ಸಮೀಪದಲ್ಲಿಯೇ ಇರುವ ಲೋನ್ ಎಂಬ ಮರಳುದಿಬ್ಬಗಳದು. ಊರಿನ ಹೆಸರನ್ನು ಮನೆತನದ ಹೆಸರಾಗಿ ಧರಿಸುವ ನಮ್ಮವರಿಗೆ ಇದರ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಪಿತನಾದ ಮನುಷ್ಯನಿಗೆ ನಿಜವಾದ ನೆಲದ ಹೆಸರಿಟ್ಟರೆ ಅವನು ಆ ಊರಿನವನೇ ಆಗಿಬಿಡುವನು.

ಜಪಾನಿನ ಟೋಕಿಯೋ ಡಿಸ್ನಿ ಸಮುದ್ರೋದ್ಯಾನದಲ್ಲಿ ನಾವಿಕನಾದ ಸಿಂದಬಾದನ ಸವಾರಿಯೊಂದುಂಟು. ೨೦೦೧ರಲ್ಲಿ ಅದು ತೆರೆದಾಗ ಸಿಂದಬಾದನಿಗೆ ಜೊತೆಗಾರನಿರಲಿಲ್ಲ. ೨೦೦೭ರಲ್ಲಿ ಅದನ್ನು ಸೌಮ್ಯಗೊಳಿಸಿ ಹೊಸ ಹಾಡಿನೊಡನೆ ತೆರೆದಾಗ ಅವನ ಪಕ್ಕದಲ್ಲಿ ಒಂದು ಹುಲಿಮರಿಯು ಬಂದು ಕುಳಿತಿತು. ಅದರ ಹೆಸರು ಚಂದು! ನಮ್ಮ ಎಷ್ಟೋ ಮನೆಗಳಲ್ಲಿ ಚಂದ್ರಶೇಖರನೋ ಚಂದ್ರಕಾಂತನೋ ಅಕ್ಕರೆಯಿಂದ ಚಂದುವಾಗುವುದನ್ನು ಕೇಳಿದವರಿಗೆ, ಅರಬ್ಬೀ ಕಥೆಯ ಜಪಾನೀ ಸವಾರಿಯಲ್ಲಿ ಈ ಕರೆಯನ್ನು ಕೇಳಿದರೆ ಮುಗುಳ್ನಗೆಯು ಬಾರದಿರದು. ಸವಾರಿಯ ಉದ್ದಕ್ಕೂ ಮರಿಯು ನಾಯಕನನ್ನು ಬಿಡದೆ ಹಿಂಬಾಲಿಸುವುದು. ಒಡನಾಡಿಯಾದದ್ದಕ್ಕೆ ಹೆಸರು ಬೇಕಾಯಿತು.

೮

ಇಷ್ಟರಿಂದ ಏನು ಫಲಿಸಿತು? ಸವಾರಿಯ ಪಾತ್ರವನ್ನು ಕಲ್ಪಿಸುವುದು ಒಬ್ಬನ ಕೆಲಸ, ಮುಖ ಕಡೆಯುವುದು ಮತ್ತೊಬ್ಬನದು, ಮಾತು ಬರೆಯುವುದು ಇನ್ನೊಬ್ಬನದು, ಧ್ವನಿ ಕೊಡುವುದು ಬೇರೊಬ್ಬಳದು. ಹೀಗೆ ಹಲವರ ದುಡಿಮೆಯಿಂದ ಹುಟ್ಟಿದ ಬೊಂಬೆಯು ಕೊನೆಗೆ ಸಂಸ್ಥೆಯ ಸ್ವತ್ತಾಗುವುದು. ಮಾಡಿದವರು ಅದರ ಮೇಲೆ ರುಜು ಹಾಕುವಂತಿಲ್ಲ. ಆದುದರಿಂದಲೇ ಹೆಸರೆಂಬುದು ಇಲ್ಲಿ ಬರಿಯ ಅಲಂಕಾರವಾಗಿ ಉಳಿಯಲಿಲ್ಲ. ಲೂನಾ ಎಂಬ ಹೆಸರಿನ ಹಿಂದೆ ಒಬ್ಬ ಸೋದರಿಯ ನೆನಪನ್ನು ಜನರು ಕಂಡರು. ಲಿಯೋಟಾಳ ಹಿಂದೆ ಕಮ್ಮಟದ ಒಬ್ಬ ಹೆಣ್ಣುಮಗಳು ಇದ್ದಾಳೆ. ಗ್ರೇಸಿಯ ಹಿಂದೆ ಗೆಳೆಯರ ಋಣವಿದೆ. ಗಸ್, ಎಜ್ರಾ, ಫಿನಿಯಸರ ಹಿಂದೆ ಹಕ್ಕಿಲ್ಲದೆಯೂ ಪ್ರೀತಿಸಿದ ಜನರಿದ್ದಾರೆ. ಕೆಂಗೂದಲಿನವಳ ಹೆಸರಿನಲ್ಲಿ ತಡವಾಗಿ ಬಂದ ಸ್ವಲ್ಪ ನ್ಯಾಯವಿದೆ.

ಹೊಸ ಪಾತ್ರಗಳನ್ನು ಕಲ್ಪಿಸುವವರು ಚಮತ್ಕಾರದ ಹೆಸರುಗಳನ್ನು ಹುಡುಕಿ ದಣಿಯುವುದಕ್ಕೆ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳಿತು: ಈ ಪಾತ್ರವನ್ನು ಕರೆಯುವವರು ಯಾರು? ಬಾವಿಯ ಬಳಿಯ ಕಾರ್ಲೋಸನಿಗೆ ಅವನ ಹೆಂಡತಿಯಿದ್ದಂತೆ ಯಾರಾದರೊಬ್ಬರು ಇದ್ದಲ್ಲಿ ಹೆಸರು ತಾನಾಗಿಯೇ ಬಂದೀತು. ಯಾರೂ ಇಲ್ಲದಲ್ಲಿ ಅದನ್ನು ಹೆಸರಿಲ್ಲದೆ ಬಿಡುವುದೇ ವಾಸಿ. ಪ್ರೀತಿಯುಳ್ಳವರು ಎಂದಾದರೊಂದು ದಿನ ಬಂದು ಹೆಸರಿಟ್ಟಾರು. ಬೊಂಬೆಯ ಹೆಸರು ಹೀಗೆ ಕಾಯಬಹುದು. ಬೊಂಬೆಯನ್ನು ಮಾಡಿದ ಮನುಷ್ಯನ ಹೆಸರಿಗಾದರೋ ಕಾಯುವಷ್ಟು ಆಯುಷ್ಯವಿರುವುದಿಲ್ಲ. ಅದನ್ನು ಅವನು ಬದುಕಿರುವಾಗಲೇ ಬರೆದಿಡತಕ್ಕದ್ದು.